ಕುಂಟೆಯ ಮೇಲೆ ಅಂಟಿಸಿದ ಕಾಗದ

ಮೈದಾಹಿಟ್ಟಿನ ಅಂಟು ಒಲೆಯ ಮೇಲೆ ಕುದಿಯುವಾಗ ಬರುವ ಆ ಹಸಿಹಸಿ ವಾಸನೆ ನಿಮಗೂ ನೆನಪಿರಬೇಕು. ಮೊನ್ನೆ ಮಗಳ ಶಾಲೆಯ ಕೆಲಸಕ್ಕೆಂದು ಅಂಟು ಕಾಯಿಸುತ್ತ ನಿಂತವಳು ಮನಸ್ಸಿನಲ್ಲೇ ಚಿಕ್ಕಲಸಂದ್ರದ ನನ್ನ ಬಾಲ್ಯದ ಗೆಳತಿ ಮಂಗಳಾಳ ಮನೆಗೆ ಹೋಗಿಬಿಟ್ಟಿದ್ದೆ. ಸುತ್ತ ತಾರಸಿ ಮನೆಗಳೆದ್ದರೂ ಅವರದು ಹೆಂಚಿನದಾಗಿಯೇ ಉಳಿದಿತ್ತು. ಅಂಗಳದಲ್ಲಿ ಎರಡು ಹಸು, ಒಣಹುಲ್ಲಿನ ಘಮ, ಕೂತರೆ ಏಳಲು ಮನಸ್ಸಾಗದಷ್ಟು ತಣ್ಣಗಿನ ಜಗಲಿ. ಬಡಾವಣೆಯಾಗುವ ಮೊದಲು ಸುತ್ತಲಿನ ಹೊಲವೆಲ್ಲ ಅವರದೇ ಆಗಿತ್ತಂತೆ. ನಮಗೆ ಅಂಟು ಕಾಯಿಸಿಕೊಡುತ್ತಿದ್ದವರು ಅವಳ ಅಜ್ಜಿ. ನನ್ನನ್ನು ಹೆಸರು ಹಿಡಿದು ಕರೆಯದೆ ಮಾತುಮಾತಿಗೂ ‘ಕಣವ್ವ’ ಎನ್ನುತ್ತಿದ್ದರು.

ಏಳನೇ ಕ್ಲಾಸಿನಲ್ಲಿ ಮಿಸ್ಸು ‘ನಮ್ಮ ಬಡಾವಣೆ’ ಅಂತ ಚಾರ್ಟ್ ಮಾಡಲು ಹೇಳಿದ್ದರು. ಗುಂಪಿನಲ್ಲಿ ನಾಲ್ವರು, ನಾನು ಲೀಡರ್. ಮಂಗಳಾಳ ಮನೆಯ ಜಗಲಿಯಲ್ಲೇ ಕೆಲಸಕ್ಕೆ ಕೂತೆವು. ದೇವಸ್ಥಾನದ ಹಿಂದಿನ ಖಾಲಿ ಸೈಟಿನ ಜಾಗದಲ್ಲಿ ಮಂಗಳಾ ನೀಲಿ ಬಣ್ಣ ತುಂಬಿದಳು. ಮೊದಲು ಅಲ್ಲೊಂದು ಕುಂಟೆ, ಅಂದರೆ ಸಣ್ಣ ಕೆರೆ, ಇತ್ತು; ಅಜ್ಜಿ ಅದರ ನೀರಿನಲ್ಲೇ ಎಮ್ಮೆ ತೊಳೆಯುತ್ತಿದ್ದರು ಎಂದಳು. ನಾನು ತಂದಿದ್ದ ಅಚ್ಚಾದ ಮ್ಯಾಪಿನಲ್ಲಿ ಕುಂಟೆ ಇರಲಿಲ್ಲ. ನಾನು ಬೇಡವೆಂದೆ, ಅವಳು ಇರಲಿ ಎಂದಳು. ಉಳಿದಿಬ್ಬರು ನನ್ನ ಮುಖ ನೋಡಿ ಮತ್ತೆ ರಸ್ತೆಗಳ ಗೆರೆ ಎಳೆಯತೊಡಗಿದರು.

“ಬಾರೆ, ಅಜ್ಜಿನೇ ಕೇಳೋಣ,” ಎಂದಳು ಮಂಗಳಾ.

“ನಿಮ್ಮಜ್ಜಿಗೆ ಓದೋಕೇ ಬರಲ್ಲ, ಅವರನ್ನೇನ್ ಕೇಳೋದು?” ಎಂದೆ.

ಹಾಲಿನ ಲೋಟಗಳನ್ನು ಹಿಡಿದು ಅಜ್ಜಿ ಹೊಸ್ತಿಲಲ್ಲೇ ನಿಂತಿದ್ದರು. “ಹೂಂ ಕಣವ್ವ, ನಂಗೆ ಓದಕ್ ಬರಕಿಲ್ಲ. ಹಾಲು ಆರೋಯ್ತದೆ, ಕುಡ್ಕಳಿ,” ಎಂದು ಲೋಟಗಳನ್ನಿಟ್ಟು ಒಳಗೆ ಹೋದರು. ಮಂಗಳಾ ಕುಂಚ ಕೆಳಗಿಟ್ಟು ಅವರ ಹಿಂದೆಯೇ ಎದ್ದು ಹೋದಳು. ಆಗಲಾದರೂ ನಾನು ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ಅಜ್ಜಿ ಕಾಯಿಸಿಕೊಟ್ಟ ಅಂಟನ್ನೇ ಬಳಿದು, ನೀಲಿಯ ಮೇಲೆ ಬಿಳಿ ಕಾಗದ ಅಂಟಿಸಿದೆ. ಮಾರನೆಯ ದಿನ ಯಾರು ಏನು ಮಾಡಿದಿರೆಂದು ಮಿಸ್ಸು ಕೇಳಿದಾಗ, “ಮಂಗಳಾ ಏನೂ ಮಾಡ್ಲಿಲ್ಲ ಮಿಸ್,” ಎಂದುಬಿಟ್ಟೆ. ಚಾರ್ಟ್ ಅವಳ ಹೆಸರಿಲ್ಲದೆ ಗೋಡೆಗೇರಿತು. ಅವಳು ಜಗಳವಾಡಲಿಲ್ಲ. ಬೆಂಚು ಬದಲಿಸಿದಳು, ಅಷ್ಟೆ. ನಾನು ಮತ್ತೆ ಆ ಮನೆಗೆ ಕಾಲಿಡಲಿಲ್ಲ. ಆ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡರೆಂದು ತಿಳಿದಾಗಲೂ ಮುಖ ತೋರಿಸಲಾಗದೆ ಮನೆಯಲ್ಲೇ ಉಳಿದೆ.

ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಆ ಖಾಲಿ ಸೈಟಿನಲ್ಲಿ ಅಪಾರ್ಟ್‌ಮೆಂಟಿಗೆ ಪಾಯ ತೋಡಿದರು. ಎಷ್ಟು ಎತ್ತಿದರೂ ನೀರು ಉಕ್ಕುತ್ತಿತ್ತು. ವಾರಗಟ್ಟಲೆ ಪಂಪು ಓಡಿತು. ಬಸ್ ಸ್ಟಾಪಿನಿಂದ ಅದನ್ನು ನೋಡುತ್ತ ನಿಲ್ಲಲಾಗದೆ ನಾನು ಮುಂದಿನ ಸ್ಟಾಪಿಗೆ ನಡೆದುಹೋಗುತ್ತಿದ್ದೆ.

ಮೊನ್ನೆ ಮಗಳಿಗಾಗಿ ಅಂಟು ಕಾಯಿಸಿದ ಮರುದಿನ ಧೈರ್ಯ ಮಾಡಿ ಹೊರಟೆ. ಹೆಂಚಿನ ಮನೆಯ ಜಾಗದಲ್ಲಿ ಈಗ ನಾಲ್ಕಂತಸ್ತಿನ ಬಾಡಿಗೆ ಮನೆಗಳು. ಮಂಗಳಾ ನನ್ನ ಗುರುತು ಹಿಡಿದು ಒಳಗೆ ಕರೆದು ಕೂರಿಸಿದಳು. ಎಲ್ಲವನ್ನೂ ಹೇಳಿ ತಪ್ಪಾಯಿತೆಂದೆ. ಅವಳು ಹೇಳಿದಳು: “ಅಜ್ಜಿ ದಿನಾ ನಿನ್ನ ಕೇಳೋರು ಕಣೆ, ಆ ಮಗು ಯಾಕೆ ಬರ್ತಿಲ್ಲ ಅಂತ. ಅವಳಿಗೆ ಪರೀಕ್ಷೆ ಇದೆ ಅಜ್ಜಿ, ಮುಗಿಸ್ಕೊಂಡು ಬರ್ತಾಳೆ ಅಂತಿದ್ದೆ.”

ನನ್ನ ಪರೀಕ್ಷೆ ಇನ್ನೂ ಮುಗಿದಿಲ್ಲವೆಂದು ನಂಬಿಕೊಂಡೇ ಅಜ್ಜಿ ಹೋಗಿದ್ದರು.