ಹಬ್ಬದ ದಿನ ನಾನು ಏರಿಸಿದ ಶ್ರುತಿ

ಒಬ್ಬ ಮನುಷ್ಯನಿಗೆ ನಾಲ್ಕು ಜನರ ಮುಂದೆ ಮುಖಭಂಗವಾಗಲಿ ಎಂದು ನಾನು ಮೂರು ವಾರ ಮೊಣಕಾಲೂರಿ ಪ್ರಾರ್ಥಿಸಿದ್ದೇನೆ. ಸುಳ್ಳು ಯಾಕೆ ಹೇಳಲಿ. ಸೇಡನ್ನು ದೇವರಿಗೆ ಬಿಟ್ಟುಬಿಡಬೇಕು ಎಂದು ನಮ್ಮ ಪಾಸ್ಟರು ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಾರೆ. ಆದರೆ ದೇವರಿಗೆ ಕೈತುಂಬ ಕೆಲಸ, ನನಗೆ ಮೂಗಿನ ತುದಿಯಲ್ಲೇ ಕೋಪ. ಹಾಗಾಗಿ ಆ ಕೆಲಸವನ್ನು ನಾನೇ ಕೈಗೆತ್ತಿಕೊಂಡೆ.

ನಾನು ಮೊಳಕಾಲ್ಮೂರಿನ ನೇಕಾರರ ಮನೆಯವಳು. ಮನೆಯೊಳಗೆ ತೆಲುಗು, ಬೀದಿಗಿಳಿದರೆ ಕನ್ನಡ. ಅಪ್ಪ ಯೇಸುವನ್ನು ನಂಬಿದ್ದು ನಾನು ಹುಟ್ಟುವ ಮೊದಲು. ನಂಬಿದ ಮೇಲೂ ಅವರು ಬಿಡದೆ ಉಳಿಸಿಕೊಂಡದ್ದು ಎರಡು: ಗುಂಡಿಯಲ್ಲಿ ಕಾಲಿಳಿಸಿ ನೇಯುವ ಕುಣಿಮಗ್ಗ, ಮತ್ತು ಭಜನೆ ಮಾಡುತ್ತಿದ್ದ ಕಾಲದ ಹಾರ್ಮೋನಿಯಂ. ಎರಡೂ ನನ್ನ ಪಾಲಿಗೆ ಬಂದವು. ವಾರವೆಲ್ಲ ರೇಷ್ಮೆ ಸೀರೆ ನೇಯುತ್ತೇನೆ. ಭಾನುವಾರ ಬೆಳಗಿನ ಬಸ್ಸಿಗೆ ಹಾರ್ಮೋನಿಯಂ ಏರಿಸಿ, ಲಗೇಜಿನ ವಿಷಯಕ್ಕೆ ಕಂಡಕ್ಟರನ ಜೊತೆ ಜಗಳ ಮುಗಿಸಿ, ಚಳ್ಳಕೆರೆಯ ನಮ್ಮ ಪುಟ್ಟ ಚರ್ಚಿಗೆ ಹೋಗುತ್ತೇನೆ. ಅಲ್ಲಿ ನುಡಿಸುವವಳು ನಾನೊಬ್ಬಳೇ.

ಆರಾಧನೆ ಮುಗಿದ ಮೇಲೆ ನಾವು ನಾಲ್ಕೈದು ಹೆಂಗಸರು ಅನ್ನ, ಸಾರು, ಒಂದು ಪಲ್ಯ ಹೊತ್ತುಕೊಂಡು ಮುಚ್ಚಿಹೋದ ಎಣ್ಣೆ ಮಿಲ್ಲೊಂದರ ಜಗುಲಿಗೆ ಹೋಗುತ್ತೇವೆ. ಮನೆಯಿಲ್ಲದವರು ಅಲ್ಲಿ ಮಲಗುತ್ತಾರೆ. ಎಲ್ಲಿಂದಲೋ ರೈಲು ಹತ್ತಿ ಬಂದು ಇಳಿದವರು, ಕುಡಿದು ಮನೆ ಕಳೆದುಕೊಂಡವರು, ಯಾಕೆ ಬಂದರೆಂದು ಅವರಿಗೇ ಮರೆತುಹೋದವರು. ಮೊದಲು ಊಟ, ಆಮೇಲೆ ಎರಡು ಹಾಡು. ಇದು ನನ್ನ ಕಟ್ಟಪ್ಪಣೆ. ಮೊದಮೊದಲು ಹಾಡಾದ ಮೇಲೆ ಊಟ ಎಂಬ ಕ್ರಮವಿತ್ತು. ಆ ಕ್ರಮ ಮಾಡಿದವರು ನಮ್ಮ ಗಾಯನ ತಂಡದ ಮುಖ್ಯಸ್ಥರು, ಹೈಸ್ಕೂಲಿನಿಂದ ನಿವೃತ್ತರಾದ ಮೇಷ್ಟ್ರು.

"ಊಟ ಮೊದ್ಲು ಕೊಟ್ರೆ ಹಾಡಿಗೆ ಯಾರೂ ಕೂರಲ್ಲಮ್ಮ," ಎಂದಿದ್ದರು.

"ಕೂರದಿದ್ರೆ ಹೋಗ್ಲಿ ಬಿಡ್ರಿ ಸಾರ್. ಹಸ್ದೋರ ಮುಂದೆ ಹಾರ್ಮೋನಿಯಂ ಪೆಟ್ಟಿಗೆ ಒತ್ತಾಕೆ ನಂಗೆ ನಾಚಿಕೆ ಆಗ್ತೈತೆ," ಎಂದೆ. ಅಂದಿನಿಂದ ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ. ಅವರು ಜಗುಲಿಗೆ ಬರುವುದನ್ನೇ ನಿಲ್ಲಿಸಿದರು. ಒಳ್ಳೆಯದೇ ಆಯಿತು ಎಂದುಕೊಂಡೆ.

ನಾನು ಅಜ್ಜಿ ಎಂದೇ ಕರೆಯುವ ಮುದುಕಿ ನನಗೆ ಸಿಕ್ಕಿದ್ದು ಆ ಜಗುಲಿಯಲ್ಲೇ. ಅವಳೂ ಮೊಳಕಾಲ್ಮೂರಿನವಳೇ. ಗಂಡ ಸತ್ತ, ಕಣ್ಣು ಮಂಜಾಯಿತು, ಕೆಲಸ ಹೋಯಿತು, ಬಾಡಿಗೆ ಮನೆಯೂ ಹೋಯಿತು. ಅವಳು ಮಾಡುತ್ತಿದ್ದದ್ದು ಕೆಚ್ಚುವ ಕೆಲಸ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಳೆಯ ಹಾಸು ಮುಗಿಯುತ್ತಾ ಬಂದಾಗ ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯದರ ತುದಿಗೆ ಇಟ್ಟು, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಇಬ್ಬರು ಹೆಂಗಸರು ಎದುರುಬದುರು ಕೂತರೆ ದಿನವೆಲ್ಲ ಹಿಡಿಯುತ್ತದೆ, ಬೇಸರ ಕಳೆಯಲು ಹಾಡುತ್ತಾರೆ. ಅಜ್ಜಿಯ ಹಾಡು ಹಾಗೆ ಹುಟ್ಟಿದ್ದು. ಯಾವಾಗಲೋ ಜ್ವರದಲ್ಲಿ ಮಲಗಿದ್ದಾಗ ಯಾರೋ ಬಂದು ಪ್ರಾರ್ಥನೆ ಮಾಡಿ ಹೋಗಿದ್ದರಂತೆ. ಎದ್ದ ಮೇಲೆ ಹಾಡಿನೊಳಗೆ ಯೇಸುವನ್ನು ಕೂರಿಸಿಕೊಂಡಳು.

"ತುಂಡಾದ ಎಳೆಗೆ ತುದಿಯೆಲ್ಲಿ ಯೇಸಯ್ಯ, ನಿನ್ನ ಬೆರಳಿಗೆ ನನ್ನ ಬೂದಿ ಹತ್ತಲಿ." ಈ ಎರಡು ಸಾಲು ಮಂದ್ರದಲ್ಲೇ ಓಡಾಡುತ್ತವೆ, ಯಾರು ಬೇಕಾದರೂ ಹಾಡಬಹುದು. ಮೂರನೆಯ ಸಾಲಿಗೆ ರಾಗ ಇದ್ದಕ್ಕಿದ್ದಂತೆ ಅಟ್ಟ ಹತ್ತುತ್ತದೆ. ಅಲ್ಲಿಗೆ ಬಂದಾಗ ಅಜ್ಜಿಯ ಆ ಒಣಕಲು ಮೈಯಿಂದ ಅಂಥ ದನಿ ಹೇಗೆ ಬರುತ್ತಿತ್ತೋ ನನಗೆ ಇವತ್ತಿಗೂ ತಿಳಿಯದು. ಜಗುಲಿಯ ಮೇಲೆ ಕುಡಿದು ಬಿದ್ದಿದ್ದವರೂ ಎದ್ದು ಕೂರುತ್ತಿದ್ದರು.

ಒಂದು ಭಾನುವಾರ ತಟ್ಟೆ ತೊಳೆಯುತ್ತಾ ಅವಳು ಕೇಳಿದಳು. "ಏಮ್ಮಾ, ನಾನು ಸಾಯೋದ್ರೊಳಗೆ ಒಂದ್ಸಲ ಇದ್ನ ದೇವ್ರ ಮನೆ ಒಳಗೆ ಕೂತು ಮೊದ್ಲಿಂದ ಕೊನೆಗಂಟ ಹಾಡ್ಬೇಕಲ್ಲ. ಬಿಡ್ತಾರಾ?"

ಪಾಸ್ಟರನ್ನು ಕೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಕ್ರಿಸ್ಮಸ್ ದಿನಾನೇ ಹಾಡ್ಲಿ. ಅವತ್ತಲ್ದೆ ಇನ್ಯಾವತ್ತು," ಎಂದರು. ಅಜ್ಜಿಗೆ ಹೇಳಿದಾಗ ಅವಳು ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಹಬ್ಬಕ್ಕೆ ಮೂರು ವಾರವಿದ್ದಾಗ ಅವಳನ್ನು ಅಭ್ಯಾಸಕ್ಕೆ ಕರೆದುಕೊಂಡು ಹೋದೆ. ಹಿಂದಿನ ದಿನವೇ ಬಸ್ಸಿನಲ್ಲಿ ನಮ್ಮ ಮನೆಗೆ ಕರೆತಂದು, ಸೀಗೆಕಾಯಿ ಹಾಕಿ ತಲೆಗೆ ಎರೆದು, ನನ್ನ ಕೈಯಾರೆ ನೇಯ್ದ ಸೀರೆ ಉಡಿಸಿದ್ದೆ. ಮೇಷ್ಟ್ರು ಹಾಡನ್ನು ಪೂರ್ತಿ ಕೇಳಿದರು, ಕಣ್ಣು ಮುಚ್ಚಿಕೊಂಡು ಕೇಳಿದರು. ಮೆಚ್ಚಿದರು ಎಂದು ನಾನು ಹಿಗ್ಗಿದೆ. ಹುಚ್ಚಿ ನಾನು.

"ರಾಗ ಚೆನ್ನಾಗೈತೆ," ಎಂದರು. "ಆದ್ರೆ ಹಬ್ಬದ ದಿನ ಹೊರಗಿಂದ ದೊಡ್ಡೋರು ಬರ್ತಾರೆ. ಈ ಜನ ಒಳಗೆ ಬಂದ್ರೆ ವಾಸನೆ ಅಂತ ಯಾರಾದ್ರೂ ಅಂದಾರು. ಹೊರಗೆ ಶಾಮಿಯಾನದಾಗೆ ಕೂರ್ಲಿ, ಊಟ ಹೆಂಗೂ ಅಲ್ಲೇ ಕೊಡ್ತೀವಿ. ಹಾಡ್ನ ನಾನೇ ಹಾಡ್ತೀನಿ. ಪದಾನೂ ಸ್ವಲ್ಪ ತಿದ್ದಬೇಕು. ಹಬ್ಬಕ್ಕೆ ಬೂದಿ ಗೀದಿ ಬ್ಯಾಡ."

ಬೂದಿ ತೆಗೆದು ಮಲ್ಲಿಗೆ ಹಾಕಿದರು. ನನ್ನ ಕಣ್ಣೆದುರೇ ಪುಸ್ತಕದಲ್ಲಿ ಬರೆದುಕೊಂಡರು. ತಂಡದ ಹುಡುಗಿಯರಿಗೆ "ಇದು ನನ್ನ ಸ್ವಂತ ರಚನೆ ಅಂತ ಹೇಳಿ ಶುರು ಮಾಡ್ತೀನಿ" ಎಂದೂ ಹೇಳಿದರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಅಜ್ಜಿಯ ಮೈಯಿಂದ ಬರುತ್ತಿದ್ದದ್ದು ನಮ್ಮ ಮನೆಯ ಸೀಗೆಕಾಯಿಯ ವಾಸನೆ. ವಾಸನೆಯಂತೆ, ವಾಸನೆ.

ಅಜ್ಜಿ ಮಾತ್ರ "ಸರೇ ಸ್ವಾಮಿ" ಎಂದು ಕುರ್ಚಿಯಿಂದ ಎದ್ದಳು. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ನಾನು ಜಗಳವಾಡಬಹುದಿತ್ತು. ಜಗಳ ನನಗೆ ಹೊಸದೇನಲ್ಲ. ಆದರೆ ಅವತ್ತು ಹಲ್ಲು ಕಚ್ಚಿಕೊಂಡು, ನಗುನಗುತ್ತಾ "ಆಗ್ಲಿ ಸಾರ್" ಎಂದೆ. ಜಗಳವಾಡಿದರೆ ಅದು ಅಲ್ಲಿಗೇ ಮುಗಿದುಹೋಗುತ್ತಿತ್ತು. ನನಗೆ ಅದಕ್ಕಿಂತ ದೊಡ್ಡದು ಬೇಕಿತ್ತು.

ಮನೆಗೆ ಬರುವ ಬಸ್ಸಿನಲ್ಲಿ ತಳಕು ಊರು ದಾಟುವ ಹೊತ್ತಿಗೆ ನನ್ನ ಲೆಕ್ಕಾಚಾರ ಮುಗಿದಿತ್ತು. ಮೇಷ್ಟ್ರ ಶ್ರುತಿ ಕಪ್ಪು ಒಂದು, ಅಂದರೆ ಹಾರ್ಮೋನಿಯಂನ ಮೊದಲನೆಯ ಕಪ್ಪು ಮನೆ. ಅದರ ಮೇಲೆ ಅವರ ಗಂಟಲು ಏರುವುದಿಲ್ಲ. ಅಜ್ಜಿಯ ಶ್ರುತಿ ಕಪ್ಪು ಮೂರು, ಅದಕ್ಕಿಂತ ಬಹಳ ಎತ್ತರ. ಮೇಷ್ಟ್ರ ಕಿವಿ ಅಷ್ಟಕ್ಕಷ್ಟೇ, ಪೆಟ್ಟಿಗೆ ಎಲ್ಲಿ ಹಿಡಿದರೆ ಅವರೂ ಅಲ್ಲೇ ಹಿಡಿಯುತ್ತಾರೆ. ಅಭ್ಯಾಸದಲ್ಲೆಲ್ಲ ಕಪ್ಪು ಒಂದು ಕೊಡುವುದು, ಹಬ್ಬದ ದಿನ ಕಪ್ಪು ಮೂರು. ಮೊದಲೆರಡು ಸಾಲು ಕೆಳಗೇ ಇರುವುದರಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಮೂರನೆಯ ಸಾಲಿಗೆ ಬಂದಾಗ ತಿಳಿಯುತ್ತದೆ, ಎಲ್ಲರಿಗೂ ತಿಳಿಯುತ್ತದೆ. ಕಂಡವರ ಹಾಡು ಕದ್ದವನ ಗಂಟಲು ಆ ಹಾಡಿನಲ್ಲೇ ಹರಿಯಬೇಕು. ಇದನ್ನು ನೆನೆನೆನೆದು ನಾನು ಮಗ್ಗದಲ್ಲಿ ಒಬ್ಬಳೇ ನಗುತ್ತಿದ್ದೆ.

ಮರು ಭಾನುವಾರ ಪಾಸ್ಟರು ಸಿಕ್ಕರು. ದೇವಸಮುದ್ರದ ಕಡೆಯ ಹಳ್ಳಿಗಳಿಗೆ ಪ್ರಾರ್ಥನೆಗೆ ಹೋಗಿದ್ದ ಅವರಿಗೆ ಇದೊಂದೂ ಗೊತ್ತಿರಲಿಲ್ಲ. "ಅಜ್ಜಿ ಹಾಡಿನ ಅಭ್ಯಾಸ ಆಯ್ತೇನಮ್ಮ?" ಎಂದು ಕೇಳಿದರು.

ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವರು ಆಗಲೇ ಮೇಷ್ಟ್ರನ್ನು ಕರೆಸಿ ಎರಡೇ ನಿಮಿಷದಲ್ಲಿ ಸರಿಮಾಡುತ್ತಿದ್ದರು. ಅವರು ಅಂಥವರು. ಮೇಷ್ಟ್ರು "ತಪ್ಪಾಯ್ತು ಪಾಸ್ಟರೇ" ಎನ್ನುತ್ತಿದ್ದರು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ವಿಷಯ ಮುಗಿಯುತ್ತಿತ್ತು. ಅವರ ಒಂದು ಕೂದಲೂ ಕೊಂಕುತ್ತಿರಲಿಲ್ಲ.

"ಎಲ್ಲ ಸರಿಯಾಗೈತೆ ಪಾಸ್ಟರೇ," ಎಂದೆ.

ಕ್ರಿಸ್ಮಸ್ ದಿನ ಚರ್ಚು ತುಂಬಿತ್ತು. ಮುಂದಿನ ಸಾಲಿನಲ್ಲಿ ಹೊರಗಿನಿಂದ ಬಂದ ಅತಿಥಿಗಳು, ಕೋಟು, ಶಾಲು. ಬಾಗಿಲಾಚೆ ಶಾಮಿಯಾನದ ಕೆಳಗೆ ಚಾಪೆಯ ಮೇಲೆ ಜಗುಲಿಯ ಜನ. ಅಜ್ಜಿ ನಾನು ಕೊಟ್ಟ ಸೀರೆಯನ್ನೇ ಉಟ್ಟು ಬಾಗಿಲಿಗೆ ಹತ್ತಿರವಾಗಿ ಕೂತಿದ್ದಳು. ಮೇಷ್ಟ್ರು ಎದ್ದು ನಿಂತರು. "ಇದು ನನ್ನ ಸ್ವಂತ ರಚನೆ" ಎಂದರು. ಪಾಸ್ಟರು ತಟ್ಟನೆ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿ ತಿದಿ ಒತ್ತಿ ಕಪ್ಪು ಮೂರು ಹಿಡಿದೆ.

ಮೊದಲೆರಡು ಸಾಲು ಮೇಷ್ಟ್ರು ಸೊಗಸಾಗಿಯೇ ಹಾಡಿದರು. ಮಲ್ಲಿಗೆ ಸಮೇತ. ಮೂರನೆಯ ಸಾಲಿಗೆ ಕಾಲಿಟ್ಟರು, ಅರ್ಧ ಏರಿದರು, ಗಂಟಲು ಸೀಳಿತು. ಎರಡನೆಯ ಸಲ ಎತ್ತಲು ನೋಡಿದರು, ಗಾಳಿ ಬಂತೇ ಹೊರತು ದನಿ ಬರಲಿಲ್ಲ. ಮಕ್ಕಳು ಕಿಸಕ್ಕೆಂದವು. ಮೇಷ್ಟ್ರ ಕಿವಿ ಕೆಂಪಾಯಿತು, ನನ್ನ ಕಡೆ ತಿರುಗಿ ಕಣ್ಣಲ್ಲೇ ಬೇಡಿದರು. ಕಪ್ಪು ಒಂದಕ್ಕೆ ಇಳಿಸಿದ್ದರೆ ಸಾಕಿತ್ತು. ನಾನು ಇಳಿಸಲಿಲ್ಲ. ಅದೇ ಸ್ವರವನ್ನು ಒತ್ತಿ ಹಿಡಿದು ಅವರ ಮುಖವನ್ನೇ ನೋಡಿದೆ. ಹೊಟ್ಟೆ ತಣ್ಣಗಾಯಿತು. ಆ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ.

ಆಗ ಬಾಗಿಲಿನಿಂದ ದನಿ ಬಂತು. ಮೇಷ್ಟ್ರು ಎಲ್ಲಿ ಬಿಟ್ಟಿದ್ದರೋ ಅದೇ ಅಕ್ಷರದಿಂದ ಅಜ್ಜಿ ಎತ್ತಿಕೊಂಡಿದ್ದಳು. ಹಾಡುತ್ತಲೇ ಎದ್ದು, ಬೆಂಚುಗಳ ನಡುವೆ ತಡವರಿಸುತ್ತಾ ಬಂದು, ಮೇಷ್ಟ್ರ ಪಕ್ಕದಲ್ಲಿ ನಿಂತಳು. ಮೂರನೆಯ ಸಾಲು, ನಾಲ್ಕನೆಯ ಸಾಲು, ಕೊನೆಯವರೆಗೆ ಹಾಡಿ, ಮತ್ತೆ ಮೊದಲೆರಡು ಸಾಲಿಗೆ ಇಳಿದಳು. ಮಲ್ಲಿಗೆ ಇರಲಿಲ್ಲ, ಬೂದಿಯೇ ಇತ್ತು. ಆಮೇಲೆ ಮೇಷ್ಟ್ರ ಮೊಣಕೈ ಮುಟ್ಟಿ, ಹಾಡು ಎನ್ನುವಂತೆ ತಲೆ ಆಡಿಸಿದಳು. ಅವರು ಕೆಳಗಿನ ದನಿಯಲ್ಲಿ ಅವಳ ಜೊತೆ ಸೇರಿಕೊಂಡರು. ಎಷ್ಟೋ ಜನ ಕಣ್ಣೊರೆಸಿಕೊಂಡರು. ಮೊಬೈಲುಗಳೆಲ್ಲ ಮೇಲೆದ್ದಿದ್ದವು.

ಆರಾಧನೆ ಮುಗಿದದ್ದೇ ಅತಿಥಿಗಳು ಮೇಷ್ಟ್ರ ಕೈ ಕುಲುಕಿದರು. "ಎಂಥ ಯೋಚನೆ ಸಾರ್. ನೀವು ಅರ್ಧಕ್ಕೆ ನಿಲ್ಲಿಸಿ, ಹೊರಗೆ ಕೂತಿರೋ ಬಡವಿ ಕೈಲಿ ಪೂರ್ತಿ ಮಾಡಿಸೋದು. ಇದಕ್ಕಿಂತ ದೊಡ್ಡ ಉಪದೇಶ ಬೇಕಾ?"

ಮೇಷ್ಟ್ರು ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ "ಹಾಗೇ ಅಂದ್ಕೊಂಡಿದ್ವಿ, ದೇವರ ದಯೆ" ಎಂದರು. ಶಾಲು ಹೊದಿಸಿಕೊಂಡರು, ಫೋಟೋಗೆ ನಿಂತರು. ಕೈಗೆ ಬಂದ ತುತ್ತು ನನ್ನ ಬಾಯಿಗೆ ಬರಲಿಲ್ಲ. ಮೂರು ವಾರ ಕಾದು ಅಟ್ಟ ಅಡುಗೆಯನ್ನು ಅವನು ಉಂಡು ಹೋದ.

ಶಾಮಿಯಾನದಲ್ಲಿ ಪಲಾವು ಬಡಿಸಲು ನಿಂತೆ. ಅಜ್ಜಿ ತಟ್ಟೆ ಹಿಡಿದು ಬಂದಳು. ನನಗೆ ತಡೆಯಲಾಗಲಿಲ್ಲ.

"ಅವ್ನ ಮಾನ ಯಾಕೆ ಉಳಿಸ್ದಿ ನೀನು? ನಿನ್ನ ಹಾಡು ಕದ್ದೋನು. ನಿನ್ನ ಹೊರಗೆ ಕೂರ್ಸಿದೋನು."

"ಕೆಚ್ಚುವಾಗ ಎದುರಿಗೆ ಕೂತೋಳ ಕೈಲಿ ಎಳೆ ಕಿತ್ರೆ, ಅವಳು ಎಂಥೋಳು ಅಂತ ಯಾರಾದ್ರೂ ಕೇಳ್ತಾರಾ?" ಎಂದಳು. "ಪಟ್ಟಂತ ಹಿಡ್ಕೊಂಡು ಕೂಡ್ಸಬೇಕು. ಇಲ್ಲಾಂದ್ರೆ ಹಾಸೇ ಕೆಡ್ತೈತೆ. ನೀನೂ ಮಗ್ಗದೋಳೇ, ನಿಂಗೆ ಗೊತ್ತಿಲ್ವಾ?" ತಟ್ಟೆ ಮುಂದಕ್ಕೆ ಚಾಚಿ, "ಅವ್ನಿಗ್ಯಾಕೆ ನನ್ನ ಶ್ರುತಿ ಕೊಟ್ಟಿ?" ಎಂದು ಕೇಳಿದಳು.

ಅವಳಿಗೆ ಗೊತ್ತಾಗಿತ್ತು. ನನಗೆ ಹೆಮ್ಮೆಯೇ ಆಯಿತು. ಸೌಟು ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ, ಅಭ್ಯಾಸದಲ್ಲಿ ಒಂದು ಶ್ರುತಿ, ಹಬ್ಬಕ್ಕೆ ಒಂದು ಶ್ರುತಿ, ನಗುನಗುತ್ತಾ ಮೋಸ ಮಾಡಿದ್ದು. "ಪಾಸ್ಟರ್ ಬಂದು ಕೇಳಿದ್ರು, ಅಜ್ಜಿ ಹಾಡು ಎಲ್ಲಿಗೆ ಬಂತು ಅಂತ. ನಾನು ಬಾಯೇ ಬಿಡ್ಲಿಲ್ಲ. ಬಿಟ್ಟಿದ್ರೆ ಅವ್ನು ತಪ್ಪಿಸ್ಕೊಂಡು ಬಿಡ್ತಿದ್ದ," ಎಂದೆ.

ಅಜ್ಜಿ ಮಂಜುಗಣ್ಣನ್ನು ನನ್ನ ಮುಖದ ಮೇಲೆ ಇಟ್ಟು ನಿಂತಳು.

"ಪಾಸ್ಟರ್ ಕೇಳಿದ್ರಾ?"

"ಹೂಂ."

"ನೀನು ಹೇಳಿದ್ರೆ, ನಾನು ಒಳಗೆ ಕೂತು ಮೊದ್ಲಿಂದ ಹಾಡ್ತಿದ್ದೆ ಅಲ್ವಾ?"

ಹಿಂದಿನವರು ತಟ್ಟೆ ಬಡಿಯುತ್ತಿದ್ದರು. ನಾನು ಹೌದು ಎಂದೆ. ಅಜ್ಜಿ ಬೈಯಲಿಲ್ಲ. ನಾನು ಎರಡನೆಯ ಸೌಟು ಎತ್ತಿದಾಗ "ಸಾಕು" ಎಂದು ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು, ಚಾಪೆಯ ಆ ತುದಿಗೆ ಹೋಗಿ ನನಗೆ ಬೆನ್ನು ಮಾಡಿ ಕೂತು ಉಂಡಳು.