ರೋಜಾವಾದ ‘ವಾ’

ಕಳೆದ ವಾರ ಒಂದು ಹೊಸ ತಗಡಿಗೆ ಎಂಟುನೂರು ರೂಪಾಯಿ ನನ್ನ ಕೈಯಿಂದಲೇ ಹೋಯಿತು. ವಿಜಯನಗರದ ನನ್ನ ಬೋರ್ಡ್ ಬರೆಯುವ ಅಂಗಡಿಗೆ ಬಂದ ಜ್ಯೂಸ್ ಅಂಗಡಿಯವನೊಬ್ಬ, ಮೂಲೆಯಲ್ಲಿ ಒರಗಿಸಿದ್ದ ಹಳೆಯ ಬೋರ್ಡ್ ನೋಡಿ, “ಅದನ್ನೇ ಕೊಡಿ ಸಾರ್. ರೋಜಾ ಹೂ ಚೆನ್ನಾಗಿದೆ, ಇರ್ಲಿ. ಅಕ್ಷರ ಅಳಿಸಿ ನಮ್ ಹೆಸರು ಬರೆದುಬಿಡಿ” ಅಂದ. ಆಗಲ್ಲ ಎಂದೆ. ಗಿರಾಕಿಯನ್ನು ಬಿಟ್ಟುಕೊಡುವವನು ನಾನಲ್ಲ. ಹಳೆಯದರ ರೇಟಿಗೇ ಹೊಸ ತಗಡಿನಲ್ಲಿ ಬರೆದುಕೊಟ್ಟೆ. ಆ ಬೋರ್ಡನ್ನು ಒಳಗಿಡಲು ಎತ್ತಿದಾಗ, ಹಿಂಬದಿಯಿಂದ ಸುಟ್ಟ ಎಳ್ಳಿನ ವಾಸನೆ...

ಅದು ರೊಟ್ಟಿಯಣ್ಣನದು. ಮಾರೇನಹಳ್ಳಿಯ ಸಂದಿಯೊಂದರಲ್ಲಿ, ಕಟ್ಟಡದ ಮಾಲೀಕರ ಜೊತೆ ಪಾಲಿನಲ್ಲಿ ಒಲೆ ಹಾಕಿಕೊಂಡು, ಎಳ್ಳು ಉದುರಿಸಿದ ದಪ್ಪ ರೊಟ್ಟಿ ಸುಡುತ್ತಿದ್ದ. ಸಿರಿಯಾದವನು. ಅಲ್ಲಿನ ಅಂತರ್ಯುದ್ಧದ ನಡುವೆ ಅವನ ಸೀಮೆಯ ಜನ ತಮ್ಮ ಆಡಳಿತ ತಾವೇ ಮಾಡಿಕೊಂಡಿದ್ದರು. ತಮ್ಮದೇ ಶಾಲೆ, ತಮ್ಮದೇ ಪೊಲೀಸು. ಜಗತ್ತಿನ ಯಾವ ಸರ್ಕಾರವೂ ಅದನ್ನು ಒಪ್ಪಿರಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಬೋರ್ಡ್ ಬರೆಸಲು ಬಂದಾಗ ಅವನು ‘ರೋಜಾವಾ’ ಅಂದಿದ್ದ. ನನಗೆ ಕೇಳಿಸಿದ್ದು ರೋಜಾ. ಕೊನೆಯ ‘ವಾ’ ಪರದೇಶದವರ ರಾಗ ಅಂದುಕೊಂಡೆ. ದಪ್ಪಕ್ಷರದಲ್ಲಿ ‘ರೋಜಾ’ ಎಂದು ಬರೆದು, ಪಕ್ಕದಲ್ಲಿ ಕೆಂಪು ಹೂ ಬಿಡಿಸಿಟ್ಟೆ.

ಹೂ ನೋಡಿ ಅವನು ನಕ್ಕ. “ಅಣ್ಣ, ಹೂ ಅಲ್ಲ. ನಮ್ಮೂರು. ನಮ್ ಭಾಷೇಲಿ ರೋಜಾವಾ ಅಂದ್ರೆ ವೆಸ್ಟು.”

“ನಾವೂ ವೆಸ್ಟೇ ಕಣಯ್ಯ, ನಮ್ ಏರಿಯಾ ಹೆಸರೇ ವೆಸ್ಟ್ ಆಫ್ ಕಾರ್ಡ್ ರೋಡ್,” ಎಂದೆ. ಬುದ್ಧಿಯನ್ನೂ ಹೇಳಿದೆ: “ಆ ಹೆಸರು ಇಲ್ಲಿ ಯಾರಿಗ್ ಗೊತ್ತು? ರೋಜಾ ಅಂತಲೇ ಇರ್ಲಿ. ಬಾಯಿಗೆ ಸಿಗೋ ಹೆಸರಿದ್ರೆ ವ್ಯಾಪಾರ ಆಗತ್ತೆ.”

ಅವನ ನಗು ನಿಂತಿತು. “ಯಾರೂ ಬರೆಯಲ್ಲ ಅಣ್ಣ. ಪಾಸ್‌ಪೋರ್ಟಲ್ಲಿ ಇಲ್ಲ, ಮ್ಯಾಪಲ್ಲಿ ಇಲ್ಲ. ನೀವಾದ್ರೂ ಪೂರ್ತಿ ಬರೀರಿ.”

ಇದ್ದ ಜಾಗದಲ್ಲೇ ‘ವಾ’ ತುರುಕಿದೆ. ಹೂವಿನ ಒಂದು ಎಸಳು ಅದರಡಿ ಹೋಯಿತು. ಅವನು ರಸ್ತೆಯಾಚೆ ನಿಂತು ಫೋಟೊ ತೆಗೆದು ಊರಲ್ಲಿದ್ದ ತಾಯಿಗೆ ಕಳಿಸಿದ. ಆದರೂ ಡೆಲಿವರಿ ಹುಡುಗರ ಬಾಯಲ್ಲಿ ಅವನು ರೋಜಾ ಅಣ್ಣನೇ. “ನಿಮ್ ದೇಶ ಮ್ಯಾಪಲ್ಲಿ ಹುಡುಕಿದ್ರೆ ಹೂಗಿಡದ ನರ್ಸರಿ ತೋರ್ಸತ್ತೆ ಅಣ್ಣ,” ಎಂದು ರೇಗಿಸುತ್ತಿದ್ದರು. “ವಾ, ವಾ,” ಎಂದು ಅವನು ತಿದ್ದುತ್ತಿದ್ದ. ಹೊಗಳುತ್ತಿದ್ದಾನೆ ಅಂದುಕೊಂಡು ಅವರು ಇನ್ನಷ್ಟು ನಗುತ್ತಿದ್ದರು...

ಈಚೆಗೆ ಅಲ್ಲಿ ಮತ್ತೆ ಯುದ್ಧ ಹತ್ತಿಕೊಂಡು ಅವನ ಸೀಮೆಯ ಬಹುಪಾಲು ಕೈತಪ್ಪಿತು. ತಾಯಿಯ ಫೋನ್ ಸಿಗದಾಯಿತು. ಒಲೆ ಆರಿಸಿ, ತಾಯಿಯನ್ನು ಹುಡುಕಲು ಹೊರಟವನು ಬೋರ್ಡನ್ನು ತಂದು ನನ್ನ ಅಂಗಡಿಯಲ್ಲಿಟ್ಟ. “ಅಳಿಸಬೇಡಿ ಅಣ್ಣ,” ಅಂದ. ಈಗ ಅವನ ನಂಬರೂ ಸಿಗುವುದಿಲ್ಲ.

ಅವನ ಸೀಮೆ ಹೋದರೂ ಮ್ಯಾಪು ಮಾಡುವವರಿಗೆ ಒಂದು ಪೈಸೆ ಖರ್ಚಿಲ್ಲ. ಬರೆದಿದ್ದರೆ ತಾನೆ ಅಳಿಸುವುದು.

ನಿಮಗೂ ಹೇಳುತ್ತೇನೆ. ಯಾರಾದರೂ ಊರ ಹೆಸರು ಹೇಳಿದರೆ ಇನ್ನೊಂದು ಸಲ ಹೇಳಿಸಿಕೊಳ್ಳಿ, ಬಾಯಿಗೆ ಸುಲಭವಾಗಲೆಂದು ಮೊಟಕು ಮಾಡಬೇಡಿ. ಬೋರ್ಡ್ ಬರೆಸುವಾಗ ಹೆಸರನ್ನು ಕಪ್ಪಿನಲ್ಲೇ ಬರೆಸಿ. ಕೆಂಪು ಬೇಗ ಮಾಸುತ್ತದೆ. ಬೋರ್ಡು ಎಷ್ಟು ವರ್ಷ ಕಾಯಬೇಕಾಗುತ್ತದೋ ಯಾರಿಗೆ ಗೊತ್ತು.