ಗಿಟಾರಿನ ಗಟ್ಟಿಮೇಳ

ಕಳೆದ ವಾರ ಮೈಕಿನ ವೈರು ಹುಡುಕುತ್ತ ಮಂಚದ ಕೆಳಗಿನ ಚೀಲಕ್ಕೆ ಕೈ ಹಾಕಿದರೆ ಸಿಕ್ಕಿದ್ದು ಬೇರೆ ವೈರು. ಕಪ್ಪಗೆ, ಹೆಬ್ಬೆರಳು ಗಾತ್ರ, ಎರಡೂ ತುದಿಗೆ ದುಂಡನೆಯ ಲೋಹದ ಮೂತಿ. ಮೂತಿಯೊಳಗೆ ಹದಿಮೂರು ಸಣ್ಣ ಮುಳ್ಳು. ಮೂಸಿ ನೋಡಿದೆ. ಸಿಕ್ಕಿದ್ದನ್ನೆಲ್ಲ ಮೂಸುವುದು ನನ್ನ ಚಾಳಿ. ಇದಕ್ಕೆ ನಮ್ಮಮ್ಮ ಒಂದು ಪ್ರಾಣಿಯ ಹೆಸರು ಹೇಳುತ್ತಾಳೆ, ಅದಿಲ್ಲಿ ಬೇಡ. ಹಳೇ ರಬ್ಬರಿನ ವಾಸನೆ, ಅದರೊಳಗೆ ಎಲ್ಲೋ ಒಂದಿಷ್ಟು ನೋವಿನ ಮುಲಾಮು...

ಮೇಷ್ಟ್ರ ಕೈ ವಾಸನೆ.

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದೆ, ಮಹಡಿ ಮೇಲಿನ ಒಂದು ಕೋಣೆಯಲ್ಲಿ ಅವರು ಗಿಟಾರ್ ಕಲಿಸುತ್ತಿದ್ದರು. ಮದುವೆ, ಗಣಪತಿ ಪೆಂಡಾಲು, ಕಾಲೇಜಿನ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಹೋಗುವ ನಮ್ಮ ವಾದ್ಯಗೋಷ್ಠಿಗೆ ಅವರೇ ಯಜಮಾನರು. ನಾನು ಮಿಮಿಕ್ರಿಯವನು. ಹಾಡುವವರು ನೀರು ಕುಡಿದು ಬರುವ ತನಕ ಜನ ಎದ್ದು ಹೋಗದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ಕಂಡಕ್ಟರ್ ಬರುತ್ತಾನೆ, ಸಂತೆಯ ಬದನೆಕಾಯಿ ಅಜ್ಜಿ ಬರುತ್ತಾಳೆ, ಗುಡವಿ ಕೆರೆಯ ಹಕ್ಕಿಯೂ ಬರುತ್ತದೆ. ಒಮ್ಮೆ ಗುಡವಿಯಲ್ಲೇ ನಿಂತು ಕೂಗಿದ್ದೆ. ಜೊತೆಗಿದ್ದವರು ಚಪ್ಪಾಳೆ ತಟ್ಟಿದರು. ಹಕ್ಕಿಗಳು ತಿರುಗಿಯೂ ನೋಡಲಿಲ್ಲ.

ಮೇಷ್ಟ್ರ ಗಿಟಾರು ನನಗಿಂತ ದೊಡ್ಡ ಮಿಮಿಕ್ರಿಯದು. ತಂತಿಗಳು ಕೂರುವ ಕುದುರೆಯ ಪಕ್ಕ ಪೆನ್ಸಿಲಿಗಿಂತ ಸಪೂರದ ಒಂದು ಕರಿ ಪಟ್ಟಿ ಕೂರಿಸಿದ್ದರು. ಪಿಕಪ್ ಅದು. ಮಾಮೂಲಿ ಪಿಕಪ್ಪು ಆರೂ ತಂತಿಯ ಸದ್ದನ್ನು ಒಟ್ಟಿಗೆ ಕಲಸಿ ಕಳಿಸುತ್ತದೆ. ಇದರಲ್ಲಿ ಒಂದೊಂದು ತಂತಿಗೂ ಒಂದೊಂದು ಕಿವಿ. ಆರು ತಂತಿಯ ಅಲುಗಾಟವೂ ಬೇರೆಬೇರೆಯಾಗಿಯೇ ಈ ದಪ್ಪ ವೈರಿನೊಳಗೆ ಓಡಿ, ಕಾಲ ಬಳಿ ಇಟ್ಟ ಡಬ್ಬಿಯನ್ನು ಮುಟ್ಟುತ್ತಿತ್ತು. ಯಾವ ಸ್ವರ, ಎಷ್ಟು ಜೋರು ಎಂದು ಡಬ್ಬಿ ತಿಳಿದುಕೊಂಡು ಕೊಳಲಾಗಿಯೋ ಪಿಟೀಲಾಗಿಯೋ ನುಡಿಯುತ್ತಿತ್ತು. ಅದೇ ವೈರಿನಲ್ಲಿ ಬೇರೆ ಅಪ್ಪಣೆಗಳೂ ಹೋಗುತ್ತಿದ್ದವು. ಗಿಟಾರಿನ ಮೈಮೇಲಿದ್ದ ಪುಟ್ಟ ಗುಂಡಿ ಒತ್ತಿದರೆ ಡಬ್ಬಿ ವಾದ್ಯ ಬದಲಿಸುತ್ತಿತ್ತು. ಪಕ್ಕದ ತಿರುಪು ತಿರುಗಿಸಿದರೆ ದನಿ ಏರುತ್ತಿತ್ತು, ಇಳಿಯುತ್ತಿತ್ತು.

ಡಬ್ಬಿಯಿಂದ ಕೀಬೋರ್ಡಿಗೆ ಇನ್ನೊಂದು ವೈರು. ಅದರಲ್ಲಿ ಸದ್ದೇ ಇಲ್ಲ, ಬರೀ ಹುಕುಂ: ಈ ಸ್ವರ ಹಿಡಿ, ಇಷ್ಟು ಜೋರಾಗಿ, ಈಗ ಬಿಡು. ಬಳ್ಳಿಗಾವಿಯ ಒಂದು ಮದುವೆಯಲ್ಲಿ ಕೀಬೋರ್ಡಿನವನು ಊಟಕ್ಕೆ ಹೋಗಿದ್ದಾಗ ಮೇಷ್ಟ್ರು ಗಿಟಾರ್ ಮೀಟಿದರು, ಕೀಬೋರ್ಡು ತಾನಾಗಿ ಹಾಡಿತು. ಅವನು ಸಾರಿನ ಕೈಯಲ್ಲೇ ಓಡಿ ಬಂದ. "ಯಾವನಲೇ ನನ್ನ ಕೀಬೋರ್ಡ್ ಮುಟ್ಟಿದ್ದು?" ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಮೇಷ್ಟ್ರು ಪೆಂಡಾಲಿನ ಬಟ್ಟೆ ನೋಡುತ್ತಿದ್ದರು.

ಆ ಡಬ್ಬಿಗೆ ಒಂದು ದೋಷವಿತ್ತು. ದಪ್ಪ ತಂತಿ ನಿಧಾನಕ್ಕೆ ಅಲುಗುತ್ತದೆ. ಅದು ಸ್ವಲ್ಪ ಅಲುಗುವ ತನಕ ಸ್ವರ ಯಾವುದೆಂದು ಡಬ್ಬಿಗೆ ತಿಳಿಯದು. ಕೂದಲೆಳೆಯಷ್ಟು ತಡ, ಆದರೆ ತಬಲಾದವನು ಹುಬ್ಬು ಗಂಟಿಕ್ಕುತ್ತಿದ್ದ. ಅದಕ್ಕೇ ಮೇಷ್ಟ್ರು ತಾಳಕ್ಕಿಂತ ಕೂದಲೆಳೆ ಮುಂಚೆಯೇ ಮೀಟುತ್ತಿದ್ದರು. ಆ ಅಭ್ಯಾಸ ಬೆರಳಿನಿಂದ ಮೈಗೆಲ್ಲ ಹತ್ತಿತ್ತು. ಕಂಡಕ್ಟರ್ ಹಲ್ಲುಜ್ಜುವ ಹೊತ್ತಿಗೇ ಇವರು ಬಸ್ಸಿಗೆ ಕಾಯುತ್ತ ನಿಂತಿರುತ್ತಿದ್ದರು. ಅನ್ನ ಬಡಿಸುವಾಗಲೇ ಮಜ್ಜಿಗೆಗೆ ಕೈ ಒಡ್ಡುತ್ತಿದ್ದರು. ಕೂತಲ್ಲಿ ಕೂರುವ ಜೀವವಲ್ಲ. ನಾನು ವೇದಿಕೆಯ ಮೇಲೆ ಅವರನ್ನೇ ಮಾಡಿ ತೋರಿಸುತ್ತಿದ್ದೆ: ವಾಚಿಲ್ಲದ ಮಣಿಕಟ್ಟನ್ನು ನೋಡಿಕೊಂಡು "ಹೊರಡ್ರಲೇ, ಹೊತ್ತಾತು" ಅನ್ನುವುದು, ಅಷ್ಟೇ. ಜನ ನಗುವುದಕ್ಕಿಂತ ಮೊದಲು ಅವರು ನಗುತ್ತಿದ್ದರು.

ಆಮೇಲೆ ಅವರ ಬಲಗೈ ನಡುಗತೊಡಗಿತು... ನಮ್ಮ ಕಣ್ಣಿಗೆ ಬೀಳುವ ಮೊದಲೇ ಅದು ಪಿಕಪ್ಪಿಗೆ ಗೊತ್ತಾಗಿತ್ತು. ಒಮ್ಮೆ ಮೀಟಿದ ಬೆರಳು ಅವರಿಗೆ ತಿಳಿಯದೆ ಇನ್ನೊಮ್ಮೆ ತಂತಿಗೆ ತಾಗುತ್ತಿತ್ತು. ಡಬ್ಬಿ ಪಾಪ, ಹೇಳಿದಷ್ಟೂ ಮಾಡುವಂಥದು. ತಾಗಿದಾಗಲೆಲ್ಲ ಒಂದು ಸ್ವರ ನುಡಿಯುತ್ತಿತ್ತು. ಕೊಳಲು ತೊದಲತೊಡಗಿತು. "ವೈರ್ ಲೂಸ್ ಆಗೇತಿ ತಗಳ್ರೀ" ಎಂದು ಕೀಬೋರ್ಡಿನವನು ತುದಿಗಳನ್ನು ಬಿಚ್ಚಿ, ಒರೆಸಿ, ಮತ್ತೆ ಒತ್ತಿ ಕೂರಿಸಿದ. ವೈರು ಗಟ್ಟಿಯಾಗಿಯೇ ಇತ್ತು. ಶಿವಮೊಗ್ಗದ ಡಾಕ್ಟರು ಮಾತ್ರೆ ಕೊಟ್ಟರು, ಹೋಗುತ್ತದೆ ಎಂದು ಮಾತು ಕೊಡಲಿಲ್ಲ. ನೋವಿಲ್ಲದ ಕೈಗೆ ಮೇಷ್ಟ್ರು ನೋವಿನ ಮುಲಾಮು ತಿಕ್ಕಿಕೊಳ್ಳುತ್ತ ಕೂರುತ್ತಿದ್ದರು. ಸುಮ್ಮನಿರಲು ಆಗಬೇಕಲ್ಲ.

ಅಷ್ಟರಲ್ಲಿ ಅವರ ಮಗಳ ಮದುವೆ ಸೊರಬದ ಹುಡುಗನ ಜೊತೆ ನಿಶ್ಚಯವಾಯಿತು. ಮೇಷ್ಟ್ರ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಧಾರೆಗೆ ದಂಪತಿಗಳೇ ಕೂರಬೇಕು, ಒಂಟಿ ಅಪ್ಪ ಕೂರುವಂತಿಲ್ಲ. ಅವರ ಅಣ್ಣ, ಅತ್ತಿಗೆ ಕೂರುವುದೆಂದು ಹಿರಿಯರು ತೀರ್ಮಾನ ಮಾಡಿದರು.

"ಮಂಟಪದಾಗೆ ನನಗೆ ಕೆಲಸ ಇಲ್ಲ ಅಂತಾತು," ಎಂದರು ಮೇಷ್ಟ್ರು. "ಹಂಗಾರೆ ಗಟ್ಟಿಮೇಳ ನಂದು."

ಮಾಂಗಲ್ಯ ಕಟ್ಟುವ ಗಳಿಗೆಗೆ ಪುರೋಹಿತರು ಕೈ ಎತ್ತುತ್ತಾರೆ. ವಾಲಗದವರು ಉಸಿರು ಕಟ್ಟಿ ಜೋರಾಗಿ ಊದುತ್ತಾರೆ. ಯಾರದೋ ಸೀನು, ಯಾರದೋ ಒಡಕು ಮಾತು ಹುಡುಗಿಯ ಕಿವಿಗೆ ಬೀಳಬಾರದು, ಅದಕ್ಕೆ. ಆ ಗಳಿಗೆಯಲ್ಲಿ ಮಗಳ ಕಿವಿ ತುಂಬುವ ಸದ್ದು ತನ್ನ ಕೈಯಿಂದಲೇ ಬರಬೇಕೆಂದು ಅವರ ಆಸೆ. ಗಿಟಾರಿನಲ್ಲಿ ನಾಗಸ್ವರ.

ಮಾತುಕತೆಯ ದಿನ ಹುಡುಗನ ಸೋದರಮಾವ ಎಲೆ ಅಡಿಕೆ ಮಡಚುತ್ತ ಕೇಳಿದರು, "ಎಂತ ಮಾರಾಯ್ರೆ, ಕರೆಂಟಿನ ವಾಲಗವಾ? ಕರೆಂಟ್ ಹೋದ್ರೆ ಎಂತ ಮಾಡೂದು?"

ಮೇಷ್ಟ್ರು ನನ್ನ ಕಡೆ ಬೆರಳು ತೋರಿಸಿದರು. "ಇವನ ಬಾಯಿ ಐತಲ್ರೀ. ಅದಕ್ಕೆ ಕರೆಂಟ್ ಬ್ಯಾಡ, ನಿಲ್ಲಿಸೋ ಗುಂಡೀನೂ ಇಲ್ಲ."

ಹಾಗೆ ನಾನು ಸ್ಟೆಪ್ನಿ ಆದೆ. ಗಿಟಾರು ಕೈಕೊಟ್ಟರೆ ಬಾಯಲ್ಲೇ ನಾಗಸ್ವರ ಊದಬೇಕು. ನನ್ನ ಮಿಮಿಕ್ರಿಯನ್ನು ಯಾರೋ ನಂಬಿದ್ದು ಅದೇ ಮೊದಲು.

ಅಭ್ಯಾಸಕ್ಕೆ ಕೂತರೆ ನಾಗಸ್ವರವೂ ತೊದಲಿತು. "ಮೊದ್ಲೇ ರೆಕಾರ್ಡ್ ಮಾಡಿ ಮೊಬೈಲಿನಾಗೆ ಹಾಕ್ಬಿಡಾಣ" ಎಂದ ಕೀಬೋರ್ಡಿನವನು. ಮೇಷ್ಟ್ರು ಗಿಟಾರು ಕೆಳಗಿಟ್ಟರು. "ಅದು ಮೊಬೈಲು ಮಾಡಿದ್ದಾಗ್ತದೆ. ನಾನು ಎಲ್ಲಿ ಬಂದೆ ಅದರಾಗೆ?" ಎಂದು ಎದ್ದು ಕಿಟಕಿಗೆ ಹೋದರು, ಬಂದರು, ಮತ್ತೆ ಹೋದರು.

ಕೊನೆಗೆ ಬಲಗೈಯನ್ನು ತಂತಿಯಿಂದಲೇ ತೆಗೆದುಬಿಟ್ಟರು. ಎಡಗೈ ಬೆರಳುಗಳಿಂದಲೇ ತಂತಿಯನ್ನು ತಟ್ಟಿ ತಟ್ಟಿ ಒತ್ತಿದರು. ಅಷ್ಟು ಮೆಲ್ಲಗೆ ತಟ್ಟಿದರೂ ಪಿಕಪ್ಪು ಓಗೊಟ್ಟಿತು. ತೊದಲು ನಿಂತಿತು. ಆದರೆ ಬಂದದ್ದು ರೈಸ್ ಮಿಲ್ಲಿನ ಸೈರನ್ನು, ಉಸಿರೇ ಇಲ್ಲ. ಬಲಗೈ ತೊಡೆಯ ಮೇಲೆ ಸುಮ್ಮನೆ ಕುಣಿಯುತ್ತಿತ್ತು. ಅದನ್ನು ಹಿಡಿದಿಡಲೆಂದೋ ಏನೋ, ಗಿಟಾರಿನ ಮೇಲಿದ್ದ ದನಿಯ ತಿರುಪನ್ನು ಹಿಡಿದುಕೊಂಡರು.

ಕೈ ನಡುಗಿತು. ತಿರುಪು ನಡುಗಿತು. ಆ ನಡುಕ ವೈರಿನಲ್ಲಿ ಅಪ್ಪಣೆಯಾಗಿ ಹೋಗಿ ಡಬ್ಬಿಯಲ್ಲಿ ನಾಗಸ್ವರ ನಡುಗಿತು. ಎದೆತುಂಬ ಗಾಳಿ ಎಳೆದು ಊದುವ ಮನುಷ್ಯನ ದನಿ ನಡುಗುತ್ತದಲ್ಲ, ಹಾಗೆ. ನಾವು ಮುಖ ಮುಖ ನೋಡಿಕೊಂಡೆವು.

"ಲೇ," ಎಂದರು ಮೇಷ್ಟ್ರು ಮೆಲ್ಲಗೆ, "ಉಸಿರು ಬಂತು."

ಸೊರಬದ ಕಲ್ಯಾಣ ಮಂಟಪದಲ್ಲಿ ಅವರು ಒಂದು ಪಕ್ಕಕ್ಕೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ರೇಷ್ಮೆ ಅಂಗಿ ತೊಟ್ಟು ಕೂತಿದ್ದರು. ಪಕ್ಕದಲ್ಲಿ ಕುಬಟೂರಿನಿಂದ ಬಂದ ಡೋಲಿನವರು. ಹಿಂದೆ ಮೈಕು ಹಿಡಿದ ನಾನು. ಧಾರೆ ಮುಗಿಯಿತು. ಮಾಂಗಲ್ಯದ ತಟ್ಟೆ ಹಿರಿಯರು ಮುಟ್ಟಿ ಹರಸಲೆಂದು ಸಭೆಯೊಳಗೆ ಹೊರಟಿತು. ಪುರೋಹಿತರು ಹೆಗಲ ಮೇಲೆ ಜಾರಿದ ಶಲ್ಯ ಸರಿ ಮಾಡಿಕೊಳ್ಳಲು ಕೈ ಎತ್ತಿದರು.

ಮೇಷ್ಟ್ರು ಶುರು ಮಾಡಿಯೇಬಿಟ್ಟರು.

ಅವರು ಶುರು ಮಾಡಿದರೆಂದು ಡೋಲಿನವರು ಶುರು ಮಾಡಿದರು. ಡೋಲು ಕೇಳಿ ಜನ ಅಕ್ಷತೆ ಎಸೆದೇಬಿಟ್ಟರು. ಮಾಂಗಲ್ಯ ಇನ್ನೂ ಮೂರನೇ ಸಾಲಿನ ಒಬ್ಬ ಅಜ್ಜಿಯ ಕೈಯಲ್ಲಿತ್ತು. ಅಜ್ಜಿ ಅದನ್ನು ಕಣ್ಣಿಗೆ ಒತ್ತಿಕೊಂಡು ಕೂತಿತ್ತು. ಪುರೋಹಿತರು ಎರಡೂ ಕೈ ಆಡಿಸಿ ಬೇಡ ಬೇಡ ಎಂದರು. ಅದು ಇನ್ನೂ ಜೋರು ಮಾಡಿ ಅಂದ ಹಾಗೆ ಕಂಡಿತು. ಹುಡುಗನ ಸೋದರಮಾವ ಮಾತ್ರ ಎದ್ದು ನಿಂತು ಕೂಗಿದರು, "ನಿಲ್ಸಬೇಡಿ ಮಾರಾಯ್ರೆ, ಶುರುವಾದ ಗಟ್ಟಿಮೇಳ ನಿಲ್ಸೂಕಾಗ."

ನಾನು ಮೈಕನ್ನು ತುಟಿಗೆ ತಂದೆ. ಮೇಷ್ಟ್ರು ನನ್ನ ಕಡೆ ನೋಡಿ ಬೇಡವೆಂದು ತಲೆ ಆಡಿಸಿದರು. ಎಡಗೈ ಓಡುತ್ತಿತ್ತು. ಬಲಗೈ ತಿರುಪಿನ ಮೇಲೆ ಎಲೆಯ ಹಾಗೆ ಅಲುಗುತ್ತಿತ್ತು. ತಟ್ಟೆ ಸಾಲು ಸಾಲು ದಾಟಿ ಬರುವ ತನಕ, ಗಂಟು ಬೀಳುವ ತನಕ, ಅವರ ಕುತ್ತಿಗೆಯ ಬೆವರು ರೇಷ್ಮೆಗೆ ಇಳಿಯುವ ತನಕ ನುಡಿಸಿದರು... ಹುಡುಗಿ ಗಂಡನ ಕಡೆ ನೋಡಲೇ ಇಲ್ಲ. ಪಕ್ಕದ ಪ್ಲಾಸ್ಟಿಕ್ ಕುರ್ಚಿಯನ್ನೇ ನೋಡುತ್ತಿದ್ದಳು. ಅದೊಂದು ದಿನ ಎಲ್ಲದಕ್ಕೂ ಮುಂಚೆ ಓಡುವ ಮನುಷ್ಯ ಎಲ್ಲರಿಗಾಗಿ ಕಾದರು.

ಆಮೇಲೆ ಸೊರಬದ ಹಿರಿಯರೊಬ್ಬರು ಸ್ಪೀಕರಿನ ಹಿಂದೆಲ್ಲ ಹುಡುಕಿ ನನ್ನ ಹತ್ತಿರ ಬಂದರು. "ವಾಲಗದವ್ರು ಎಲ್ಲಿ? ಊಟಕ್ಕೆ ಕರೀರಿ, ಪಾಪ, ಭಾರೀ ಊದಿದಾರೆ." ರೇಷ್ಮೆ ಅಂಗಿಯ ವಾಲಗದವರು ಆಗಲೇ ಮೊದಲ ಪಂಕ್ತಿಯಲ್ಲಿ ಕೂತು ಮಜ್ಜಿಗೆಗೆ ಕೈ ಒಡ್ಡಿದ್ದರು.

ಮರುವರ್ಷ ನಡುಕ ಎಡಗೈಗೂ ಬಂತು. ಗಿಟಾರು ಮಗಳ ಮನೆಯ ಗೋಡೆಗೆ ಹೋಯಿತು, ಡಬ್ಬಿ ಅಲ್ಲೇ ಅಟ್ಟಕ್ಕೆ. ಆಮೇಲೆ ಮೇಷ್ಟ್ರು ಹೆಚ್ಚು ದಿನ ಇರಲಿಲ್ಲ... ಹೋಗುವುದರಲ್ಲೂ ಅವರದು ಅವಸರವೇ.

ವೈರು ಸಿಕ್ಕಿತೆಂದು ಮಗಳಿಗೆ ಫೋನ್ ಮಾಡಿದೆ. "ತಂದುಕೊಡಿ ಅಣ್ಣ" ಎಂದಳು. ಮೊನ್ನೆ ಸೊರಬಕ್ಕೆ ಹೋದೆ. ಡಬ್ಬಿಯೊಳಗೆ ಇರುವೆ ಗೂಡು ಕಟ್ಟಿ ಅದು ಕೆಟ್ಟು ಎಷ್ಟೋ ಕಾಲವಾಗಿತ್ತು. ಅವಳು ಗಿಟಾರನ್ನು ಇಳಿಸಿ ವೈರಿನ ಒಂದು ತುದಿ ಸಿಕ್ಕಿಸಿದಳು. ಇನ್ನೊಂದು ತುದಿ ನನ್ನ ಕೈಯಲ್ಲಿ.

"ನೀವೇ ಡಬ್ಬಿ ಆಗಿ ಅಣ್ಣ."

ತುದಿಯನ್ನು ಎದೆಗೆ ಒತ್ತಿಕೊಂಡೆ. ಅವಳು ತಿರುಪಿಗೆ ಬೆರಳಿಟ್ಟಳು. ನಾನು ಬಾಯಲ್ಲಿ ನಾಗಸ್ವರ ಊದಿದೆ. ಅವಳು ತಿರುಗಿಸಿದಂತೆ ಏರಿದೆ, ಇಳಿದೆ. ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ತಿರುಪನ್ನು ಸಣ್ಣಗೆ ಅಲುಗಿಸತೊಡಗಿದಳು, ಅವರು ಮಾಡುತ್ತಿದ್ದ ಹಾಗೆ. ನಾನೂ ದನಿ ನಡುಗಿಸಿದೆ. ಆಡು ಅರಚಿದಂತಾಯಿತು. ಇನ್ನೊಮ್ಮೆ ನಡುಗಿಸಿದೆ. ಅದೇ ಆಡು.

"ಅದಲ್ಲ ಅಣ್ಣ," ಎಂದಳು.

"ಗೊತ್ತು," ಎಂದೆ.

ಅವಳು ಬೆರಳು ತೆಗೆದಳು. ವೈರನ್ನು ಗಿಟಾರಿಗೇ ಬಿಟ್ಟು ಬಸ್ ಸ್ಟ್ಯಾಂಡಿಗೆ ಬಂದೆ. ಶಿಕಾರಿಪುರದ ಬಸ್ಸು ಬರುವುದು ಇನ್ನೂ ಬಹಳ ಹೊತ್ತಿಗೆ. ಅತ್ತ ನಡೆದೆ, ಇತ್ತ ನಡೆದೆ, ವಾಚಿಲ್ಲದ ಮಣಿಕಟ್ಟು ನೋಡಿಕೊಂಡು "ಹೊರಡ್ರಲೇ, ಹೊತ್ತಾತು" ಎಂದೆ. ಬೆಂಚಿನ ಮೇಲಿದ್ದ ಇಬ್ಬರು ನನ್ನನ್ನು ನೋಡಿದರು. ಯಾರೂ ನಗಲಿಲ್ಲ. ಮೊದಲು ನಗುತ್ತಿದ್ದವರು ಇರಲಿಲ್ಲ.